ಅವ್ವ ತಂದ ದಾಖಲಾ

ಚಿಂಚವಾಡ, ಪುಣೆ
ಭಾನುವಾರ, ೭ ಸೆಪ್ಟೆಂಬರ್ ೨೦೨೫

ದೌಂಡದ ಅಕ್ಕಾ, ಅಲ್ಲಲ್ಲ, ನನ್ನ ಅಕ್ಕಾ,

ಮೊದಲು ನಿನ್ನ ಮಣಿಕಟ್ಟಿನ ಸುದ್ದಿ ಹೇಳು. ಬಾವು ಇಳಿಯಿತೇ? ದಿನಾ ಮೆಸ್ಸಿನಲ್ಲಿ ಅಷ್ಟೊಂದು ಚಪಾತಿ ಲಟ್ಟಿಸುವ ಕೈಗೆ, ಲಟ್ಟಣಿಗೆ ನೆಟ್ಟಗೆ ಹಿಡಿಯಲೂ ಬಾರದ ನಾನು ಔಷಧ ಹೇಳುವುದು ಅಧಿಕಪ್ರಸಂಗವೇ. ಆದರೂ ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತುಕೊ. ನಿನ್ನ ಯಜಮಾನರು, ನಮ್ಮ ಮಧುಕರ್ ಮಾಮಾ ಹೇಗಿದ್ದಾರೆ? ರೈಲು ಡಬ್ಬಿ ತೊಳೆಯುವ ಪುಡಿಯಿಂದ ಅವರ ಕೈಗೆ ಬರುತ್ತಿದ್ದ ತುರಿಕೆ ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಆರಾಮ. ನಿನ್ನೆ ಗಣಪತಿ ಕಳಿಸಿದ್ದಾಯಿತು. ನಮ್ಮ ತಮ್ಮ ಮಹಾರಾಯ ಬಾಬು ಢೋಲಿನವರ ಹಿಂದೆ ಕೂಗಿ ಕೂಗಿ ಗಂಟಲು ಕಳೆದುಕೊಂಡು ಬಂದು, ಇವತ್ತು ಬೆಳಗ್ಗೆಯಿಂದ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದಾನೆ. ಅಪ್ಪ ಹಿಂಜವಾಡಿಯ ಹೊಸ ಕಟ್ಟಡದ ಗೌಂಡಿ ಕೆಲಸದಲ್ಲಿ ಹನ್ನೊಂದನೇ ಮಾಳಿಗೆಗೆ ಏರಿದ್ದಾನೆ. ಅಲ್ಲಿಂದ ನಮ್ಮ ವಸ್ತಿ ಕಾಣುತ್ತದೆ ಎನ್ನುತ್ತಾನೆ. "ಕಂಡ್ರ ಕೈ ಮಾಡ್ರಿ ಮತ್ತ, ನಾನೂ ಮಾಡ್ತೀನಿ" ಎಂದು ಅವ್ವ ನಗುತ್ತಾಳೆ. ಏಳು ವರ್ಷ ಊರ ಕಡೆಯ ಕನ್ನಡ ಶಾಲೆಯ ಹಾಸ್ಟೆಲ್ಲಿನ ಗಂಟೆಗೆ ಎದ್ದವಳು ನಾನು, ಈಗ ಅವ್ವನ ಪಾತ್ರೆ ಸದ್ದಿಗೆ ಏಳುತ್ತೇನೆ. ಎದ್ದ ಕೂಡಲೇ ಸಾಲಿನಲ್ಲಿ ನಿಂತು ಪ್ರಾರ್ಥನೆ ಹೇಳಬೇಕು ಎನ್ನಿಸುತ್ತದೆ, ನೋಡು ಹುಚ್ಚು.

ಫೋನಿದ್ದೂ ಪತ್ರ ಯಾಕೆ, ಇವಳ ತಲೆ ಕೆಟ್ಟಿತೇ ಎನ್ನಬೇಡ. ಕೆಟ್ಟಿಲ್ಲ, ಆದರೆ ಐದಾರು ದಿನದಿಂದ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ನಿನಗೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಶಾಲೆಯ ಮಾತು ನನ್ನ ಬಾಯಿಂದ ಬೀಳುತ್ತಲೇ "ಆ ಸುದ್ದಿ ತೆಗಿಬ್ಯಾಡ ಮಾನಿ, ಹಂಚು ಕಾದದ" ಎಂದು ನೀನು ಫೋನ್ ಇಟ್ಟುಬಿಟ್ಟೆ. ನಿನ್ನ ಹಂಚು ಯಾವಾಗಲೂ ಕಾದೇ ಇರುತ್ತದೆ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಒಲೆಗೆ ಹಾಕಬಹುದು, ಆದರೆ ಹಾಕುವ ಮೊದಲು ಓದಿಯೇ ಓದುತ್ತೀ. ಭಜಿ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಕೊನೆಯ ಸಾಲಿನವರೆಗೆ ಓದುವವಳು ನೀನು. ನಡುನಡುವೆ ಇಂಗ್ಲಿಷ್ ನುಸುಳಿದರೆ ಬೈಯಬೇಡ. ಹಾಸ್ಟೆಲ್ಲಿನಲ್ಲಿ ಅರ್ಧ ಇಂಗ್ಲಿಷ್ ಕಲಿಸಿ ಕಳಿಸಿದರು, ಉಳಿದರ್ಧ ಎಲ್ಲಿದೆಯೋ ಇನ್ನೂ ಹುಡುಕುತ್ತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅಕ್ಕಾ, ಎಂಟನೇ ತರಗತಿಯಲ್ಲಿ ನೀನು ಶಾಲೆ ಬಿಟ್ಟದ್ದು ಯಾಕೆಂದು ನಿನಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ನನಗೆ ಗೊತ್ತಾಗಿದೆ! ಸಿಟ್ಟಿಗೇಳಬೇಡ. ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಎಲ್ಲ ಕಲಸಿಹೋಗುತ್ತದೆ.

ಕಾಲೇಜು ಸೇರಿದ ಮೂರನೇ ವಾರ ಆಫೀಸಿನಲ್ಲಿ ನಡೆದದ್ದನ್ನು ನಾಚಿಕೆಯಿಂದ ನಿನಗೆ ಹೇಳಿರಲಿಲ್ಲ. ಈ ಹುಡುಗಿ ನಮ್ಮಲ್ಲಿ ಓದುತ್ತಿದ್ದಾಳೆ ಎಂದು ಸ್ಕಾಲರ್‌ಶಿಪ್ಪಿಗೆ ಕಾಲೇಜಿನವರು ಒಂದು ಕಾಗದ ಬರೆದುಕೊಡಬೇಕಿತ್ತು. ಕಿಟಕಿಯ ಮುಂದೆ ಉದ್ದ ಸಾಲು. ನಿನಗೆ ಗೊತ್ತಲ್ಲ, ಕಿಟಕಿ ಹತ್ತಿರ ಬಂದ ಹಾಗೆಲ್ಲ ನನ್ನ ಅಂಗೈ ಬೆವರಿ ಕೈಯಲ್ಲಿದ್ದ ಕಾಗದ ಒದ್ದೆಯಾಗುತ್ತದೆ. ನನ್ನ ಪಾಳಿ ಬಂತು. ಒಳಗಿದ್ದವರು ತಲೆ ಎತ್ತದೆ "ಕಾಯ್, ದಾಖಲಾ ಪಾಹಿಜೆ ಕಾ?" ಎಂದರು. ಪಾಹಿಜೆ ಎಂದರೆ ಬೇಕು ಎಂಬಷ್ಟು ಮರಾಠಿ ನನಗೂ ಬರುತ್ತದೆ. ದಾಖಲಾ ಎಂದರೆ ನಮ್ಮ ದಾಖಲಾತಿ, ಹೆಸರು ಹಚ್ಚುವುದು, ಇನ್ನೇನು! "ಹೋ ಸರ್, ದಾಖಲಾ, ದಾಖಲಾ" ಎಂದು ಗೋಣು ಹಾಕಿದೆ. ಅವರು ಒಂದು ಫಾರ್ಮ್ ತಳ್ಳಿದರು. ಹೆಸರು ಬರೆದು ಸಹಿ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ನನ್ನ ಪೆನ್ನು ಕಿತ್ತುಕೊಂಡಿತು. "ಎಂತ ಮಾರಾಯ್ತಿ, ಸೇರಿ ಒಂದು ತಿಂಗಳಾಗ್ಲಿಲ್ಲ, ಬಿಟ್ಟು ಹೋಗ್ಲಿಕ್ಕೆ ಹೊರಟದ್ದಾ ನೀನು?" ಅದು ನನ್ನ ಕ್ಲಾಸಿನ ಪ್ರಣೀತಾ. ಉಡುಪಿ ಕಡೆಯವರು, ಅವಳ ಅಪ್ಪ ಮೋಹನದಾಸ್ ಅವರದು ಇಲ್ಲೇ ಚಿಂಚವಾಡದಲ್ಲಿ ಹೋಟೆಲು. ಅವಳು ಹುಟ್ಟಿದ್ದೇ ಇಲ್ಲಿ, ಮರಾಠಿ ಅವಳಿಗೆ ನೀರು ಕುಡಿದಂತೆ. ಮರಾಠಿಯಲ್ಲಿ ದಾಖಲಾ ಎಂದರೆ ಸರ್ಟಿಫಿಕೇಟಂತೆ. ಅದರಲ್ಲೂ ಶಾಲೆ ಕಾಲೇಜಿನ ಕಿಟಕಿಯಲ್ಲಿ ಬರೀ ದಾಖಲಾ ಎಂದರೆ ಬಿಟ್ಟು ಹೋಗುವವರಿಗೆ ಕೊಡುವ ಸರ್ಟಿಫಿಕೇಟು. ನಾವು ಒಳಗೆ ಬರುವಾಗ ಆಡುವ ಮಾತನ್ನು ಇವರು ಹೊರಗೆ ಹೋಗುವಾಗ ಆಡುತ್ತಾರೆ! ಒಂದು ವಾರ ಪ್ರಣೀತಾ "ದಾಖಲಾ ಬೇಕಾ ಮಾರಾಯ್ತಿ?" ಎಂದು ಕಾಡಿಸಿದಳು, ನಾನೂ ನಕ್ಕೆ. ನೀನು ಇದನ್ನು ಓದಿ "ಅಷ್ಟೂ ತಿಳಿಲಿಲ್ಲೇನ ಹುಚ್ಚಿ" ಎನ್ನುತ್ತೀ. ಹೌದು, ನಿನಗೆ ತಿಳಿಯುತ್ತಿತ್ತು, ನಿನ್ನ ಮರಾಠಿ ಗಟ್ಟಿ. ನನಗೆ ತಿಳಿಯಲಿಲ್ಲ. ಇನ್ನೊಬ್ಬರಿಗೂ ತಿಳಿದಿರಲಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ಆಮೇಲೆ ನಮಗೆ ಸಮಾಜಶಾಸ್ತ್ರ ಕಲಿಸುವ ವಿನೀತಾ ಮೇಡಂ ಒಂದು ಸರ್ವೇ ಕೆಲಸ ಕೊಟ್ಟರು. ನಿಮ್ಮ ನಿಮ್ಮ ಓಣಿಯಲ್ಲಿ ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟವರು ಎಷ್ಟು ಜನ, ಯಾಕೆ ಬಿಟ್ಟರು, ಮನೆಗೆ ಹೋಗಿ ಕೇಳಿ ಬನ್ನಿ ಎಂದರು. ನಮ್ಮ ವಸ್ತಿಯನ್ನು ನನಗೇ ಕೊಡಿ ಎಂದು ಕೇಳಲು ಎದ್ದು ನಿಂತೆ. ಬಾಯಿಂದ ಬಂದದ್ದು "ವಿತ್ ಡ್ಯೂ ರೆಸ್ಪೆಕ್ಟ್ ಮೇಡಂ." ರಜೆಚೀಟಿಯ ಇಂಗ್ಲಿಷ್ ಒಂದೇ ನನಗೆ ಬಾಯಿಪಾಠ, ಏನು ಮಾಡಲಿ? ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ಮಾತ್ರ ನಗದೆ "ಸರಿ, ತಗೊ" ಎಂದರು. ಜೊತೆಗೆ ಪ್ರಣೀತಾ. ಫಾರ್ಮಿನಲ್ಲಿ ಹೆಸರು, ವಯಸ್ಸು, ಬಿಟ್ಟ ತರಗತಿ, ಕೊನೆಗೆ ಕಾರಣ. ಕಾರಣಕ್ಕೆ ಒಂಬತ್ತು ಚೌಕ, ಒಂದಕ್ಕೆ ಗುರುತು ಹಾಕಬೇಕು. ಬಡತನ, ಕೆಲಸ, ಮದುವೆ, ಕಾಯಿಲೆ, ಹೀಗೆ. ಒಂಬತ್ತನೆಯದು "ಆಸಕ್ತಿ ಇಲ್ಲ".

ಮೂರು ಸಂಜೆ ಮನೆಮನೆ ತಿರುಗಿದೆವು. ಅಕ್ಕಾ, ಈ ವಸ್ತಿಗೆ ನಾನು ಇಷ್ಟು ವರ್ಷ ರಜೆಗೆ ಬಂದುಹೋದ ನೆಂಟಳು. ಜನರ ಮುಂದೆ ಕೂತು ಅವರ ಮಾತು ಕೇಳಿದ್ದು ಇದೇ ಮೊದಲು. ಯಾರ ಮಾತೂ ಚೌಕದಲ್ಲಿ ಹಿಡಿಸುವುದಿಲ್ಲ! ನಳದ ಎದುರು ಮನೆಯ ಹುಡುಗಿ ಹೇಳಿದಳು, "ನಳ ಬರೂದು ಹತ್ತಕ್ಕ, ಸಾಲಿ ಗಂಟಿ ಹೊಡಿಯೂದು ಹತ್ತೂವರಿಗಿ. ಸಾಲಿ ನಾಳಿಗೂ ಇರ್ತದ, ನೀರು ನಾಳಿಗಿ ಇರೂದಿಲ್ಲ." ನಾಳೆ ನಾಳೆ ಎನ್ನುತ್ತ ಅವಳ ಒಂಬತ್ತನೇ ತರಗತಿಯೇ ದಾಟಿಹೋಗಿದೆ. ಸಿದ್ರಾಮಪ್ಪ ಕಾಕಾನ ಮಗ ನಿನ್ನ ಹಾಗೆಯೇ ಏಳರವರೆಗೆ ಕನ್ನಡ ಶಾಲೆ, ಎಂಟರಿಂದ ಮರಾಠಿ. "ಎರಡು ವರ್ಷ ಹಿಂದಿನ ಬೆಂಚಿನ್ಯಾಗ ಕುಂತು ಹಜರ್ ಸರ್ ಅಂತ ಒಂದೇ ಮಾತು ಆಡೀನಿ. ಆಮ್ಯಾಲ ಅದನ್ನರ ಯಾಕ ಆಡ್ಬೇಕಂತ ಬಿಟ್ಟೆ" ಎಂದ. ಕಾಕಾ ಪಕ್ಕದಿಂದ "ಮನ್ಯಾಗ ಮಾತ್ರ ಇವನ ಬಾಯಿಗಿ ಕೀಲಿ ಇಲ್ರಿ" ಎಂದರು. ಪ್ರಣೀತಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಇನ್ನೊಬ್ಬನಿಗೆ ಕಾರಣವೇ ಇರಲಿಲ್ಲ. ಗೆಳೆಯ ಬಿಟ್ಟ, ಅವನ ಹಿಂದೆ ಇವನು, ಇವನ ಹಿಂದೆ ಬೆಂಚಿಗೆ ಬೆಂಚೇ ಎದ್ದು ಹೋಯಿತು. ಇವಕ್ಕೆಲ್ಲ ಯಾವ ಚೌಕ? ನಾನು ಅಂಚಿನಲ್ಲಿ ಬರೆಯತೊಡಗಿದೆ. ಅಂಚು ತುಂಬಿತು, ಹಿಂದಿನ ಪುಟವೂ ತುಂಬಿತು. "ಮೇಡಂ ಬೈತಾರೆ ನೋಡು. ಇದು ಸರ್ವೇಯಾ, ಹರಿಕತೆಯಾ?" ಎಂದಳು ಪ್ರಣೀತಾ. ಹೆದರಿಕೆಯಾಯಿತು, ಆದರೆ ಪೆನ್ನು ನಿಲ್ಲಲಿಲ್ಲ.

ಹೋದ ಸೋಮವಾರ ನಮ್ಮ ಮನೆಯ ಪಾಳಿ. ಹತ್ತನೆಯದು ಮುಗಿಸದವರು ನಮ್ಮಲ್ಲೂ ಒಬ್ಬರಿದ್ದಾರಲ್ಲ. ಪ್ರಣೀತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊರಗಿನವಳ ಹಾಗೆ ಗಂಭೀರವಾಗಿ "ಮರೆಮ್ಮನವರೇ, ನಿಮ್ಮ ಮಗಳು ಸುಮಂಗಲಾ ಶಾಲೆ ಯಾಕೆ ಬಿಟ್ಟಳು?" ಎಂದು ಕೇಳಿದೆ. ಅವ್ವನಿಗೆ ನಗು ಬಂತು. ಆಮೇಲೆ ಮೊರದಲ್ಲಿದ್ದ ಅಕ್ಕಿಯ ಕಡೆ ನೋಡುತ್ತ "ಬರ್ಕೋ. ಅಕಿಗಿ ಮನಸ್ಸಿದ್ದಿಲ್ಲ. ಹೆಸರು ಹಚ್ಚಿ ಬಂದ್ರೂ ಹೋಗ್ಲಿಲ್ಲ, ಒಲ್ಲೆ ಅಂದ್ಲು" ಎಂದಳು. ಒಂಬತ್ತನೇ ಚೌಕ. ಗುರುತು ಹಾಕಲು ಪೆನ್ನು ಊರಿದೆ, ಆದರೆ "ಹೆಸರು ಹಚ್ಚಿ ಬಂದ್ರೂ" ಎಂಬ ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತು. ಯಾವಾಗ ಹಚ್ಚಿದ್ದಿ ಎಂದೆ. ನಾನು ಹಾಸ್ಟೆಲ್ಲಿಗೆ ಹೋದ ಆ ವರ್ಷ, ಅಜ್ಜಿ ತೀರಿಕೊಂಡಳೆಂದು ನೀವೆಲ್ಲ ಊರಿಗೆ ಹೋಗಿ ಒಂದೂವರೆ ತಿಂಗಳು ಉಳಿದಿದ್ದಿರಲ್ಲ? ತಿರುಗಿ ಬಂದ ಮೇಲೆ, ಇಷ್ಟು ದಿನ ಹೋಗದ ನಿನ್ನ ಹೆಸರನ್ನು ತೆಗೆದುಹಾಕಿದ್ದಾರೋ ಏನೋ ಎಂದು ಅವ್ವನಿಗೆ ಜೀವ ಹಾರಿತ್ತಂತೆ. ಅಪ್ಪ ಸೈಟಿಗೆ ಹೋಗಿದ್ದ, ನಿನಗೆ ಜ್ವರ. ಕೂಸು ಬಾಬುವನ್ನು ಬಗಲಲ್ಲಿ ಎತ್ತಿಕೊಂಡು ಒಬ್ಬಳೇ ಹೋದಳಂತೆ. "ಮೂರು ತಾಸು ಕುಂತಿದ್ದೆ ಮಾನಿ. ಊರಿಗಿ ಹೋಗಿದ್ವಿರಿ ಅಂತ ಕೈ ಮಾಡಿ ಹೇಳ್ದೆ. ಕಡೀಕ ಅಂವ ಕೇಳ್ದ, ದಾಖಲಾ ಪಾಹಿಜೆ ಕಾ ಅಂತ. ಹೌದ್ರಿ, ದಾಖಲಾ, ದಾಖಲಾ ಅಂದೆ. ಹೆಬ್ಬಟ್ಟು ಒತ್ತಿಸ್ಕೊಂಡು ಕಾಗದ ಕೊಟ್ಟ. ಬಂದು ಅಕಿಗಿ ಹೇಳೀನಿ, ನಿನ್ನ ಸಾಲಿ ಕೆಲಸ ಮುಗಿಸಿ ಬಂದೀನಿ ಅಂತ. ಮರುದಿನ ಹೋದಾಕಿ ಮಧ್ಯಾನಕ್ಕ ತಿರುಗಿ ಬಂದು ಪಾಟಿಚೀಲ ಒಗದು, ನಾ ಇನ್ನ ಸಾಲಿಗಿ ಹೋಗೂದಿಲ್ಲ ಅಂದ್ಲು. ಕಾಗದ ಇನ್ನೂ ಇಟ್ಟೀನಿ ನೋಡು" ಎನ್ನುತ್ತ ಎದ್ದು, ಮನೆದೇವರು ಮೌನಪ್ಪಯ್ಯನ ಫೋಟೊದ ಹಿಂದೆ ಕೈ ಹಾಕಿದಳು.

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ಅಕ್ಕಾ, ಒಂದು ಮೂಲೆಯೂ ಮುದುಡಿಲ್ಲ. ಪ್ರತಿ ದಸರೆಗೆ ಅಪ್ಪನ ಕರಣಿ, ತೂಗುಗುಂಡಿನ ಜೊತೆ ಅದಕ್ಕೂ ಪೂಜೆಯಂತೆ. ಮೇಲೆ ಏಳು ವರ್ಷದ ಕುಂಕುಮದ ಬೊಟ್ಟು. ಬೊಟ್ಟುಗಳ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಶಾಳಾ ಸೋಡಲ್ಯಾಚಾ ದಾಖಲಾ. ಶಾಲೆ ಬಿಟ್ಟದ್ದರ ಸರ್ಟಿಫಿಕೇಟು. ಬಿಟ್ಟ ಕಾರಣ ಎಂಬಲ್ಲಿ "ಪಾಲಕರ ಕೋರಿಕೆಯಂತೆ" ಎಂದು ಮರಾಠಿಯಲ್ಲಿ ಬರೆದಿತ್ತು. ಪ್ರಣೀತಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ಓದಿ ನನ್ನ ಮುಖ ನೋಡಿದಳು. ದಾಖಲಾ ಎಂಬ ಮಾತಿಗೆ ಆ ಹುಡುಗಿ ನಗದೇ ಇದ್ದದ್ದು ಅದೇ ಮೊದಲ ಸಲ.

ಆ ವರ್ಷದ ದೀಪಾವಳಿ ರಜೆ ನಿನಗೆ ನೆನಪಿದೆಯೇ? ನಳದ ಸಾಲಿನಲ್ಲಿ ಕೊಡ ಇಟ್ಟುಕೊಂಡು ನೀನು ನನಗೊಬ್ಬಳಿಗೇ ಹೇಳಿದ್ದೆ. ತರಗತಿಯ ಬಾಗಿಲಲ್ಲೇ ಟೀಚರು ನಿನ್ನನ್ನು ತಡೆದು "ತುಝ್ಯಾ ಆಯೀನೇ ದಾಖಲಾ ನೇಲಾಯ" ಎಂದರಂತೆ, ನಿನ್ನ ಅವ್ವನೇ ದಾಖಲಾ ಒಯ್ದಿದ್ದಾಳೆ ಎಂದು. "ಸಾಲಿ ಕೆಲಸ ಮುಗಿಸಿ ಬಂದೀನಿ ಅಂತ ನಕ್ಕೋತ ಹೇಳ್ದಾಕಿ ಅಕಿ. ನಿನಗ ಹಾಸ್ಟೆಲ್ಲು, ನನಗ ಬಾಬು. ಹಂಚಿಕಿ ಆಗ್ಯದ ಬಿಡು. ಅವ್ವಗ ಕೇಳಿದ್ರ ನನ್ನ ಮ್ಯಾಲ ಆಣಿ" ಎಂದಿದ್ದೆ. ನನಗೆ ಆಗ ಹನ್ನೊಂದು. ದಾಖಲಾ ಒಯ್ದರೆ ಒಳ್ಳೆಯದೇ ಅಲ್ಲವೇ, ಅಕ್ಕ ಯಾಕೆ ಅಳುತ್ತಾಳೆ ಎಂದು ತಿಳಿಯದೆ ನನ್ನ ಹೊಸ ಬೂಟು ನೋಡಿಕೊಂಡು ನಿಂತಿದ್ದೆ. ಅರ್ಧ ಮಾತು ಏಳು ವರ್ಷದಿಂದ ನನ್ನ ಹತ್ತಿರವೇ ಇತ್ತು, ಉಳಿದರ್ಧ ಫೋಟೊದ ಹಿಂದೆ ಇತ್ತು. ಅಕ್ಕಾ, ಅವ್ವ ನಿನ್ನನ್ನು ಬಿಡಿಸಲಿಲ್ಲ. ಕೂಸನ್ನು ಕಟ್ಟಿಕೊಂಡು ಮೂರು ತಾಸು ಕೂತು ನಿನ್ನ ಹೆಸರು ಹಚ್ಚಿಸಲಿಕ್ಕೆ ಹೋಗಿದ್ದಳು! ಅವಳು ನಗುತ್ತ ಹೇಳಿದ್ದು ಅದಕ್ಕೆ. ನೀನು ಒಲ್ಲೆ ಎಂದೆ ಎಂದು ಅವಳು ತಿಳಿದಳು, ಅವಳು ಬೇಡವೆಂದಳು ಎಂದು ನೀನು ತಿಳಿದೆ. ಇಬ್ಬರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಜಗಳವಾಡಿದ್ದರೆ ಅವತ್ತೇ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಉಪ್ಪಿಗೆ, ಕೊಡಕ್ಕೆ, ಬಾಬುವಿನ ಚಡ್ಡಿಗೆ ಜಗಳವಾಗುತ್ತದೆ, ಬೇಕಾದ್ದಕ್ಕೆ ಮಾತ್ರ ಆಗುವುದಿಲ್ಲ.

ಆದರೂ ನನ್ನ ಅಂಜುಬುರುಕ ಬುದ್ಧಿ, ತಪ್ಪು ತಿಳಿದಿದ್ದರೆ ಎಂದು ಬುಧವಾರ ಪ್ರಣೀತಾಳನ್ನು ಎಳೆದುಕೊಂಡು ನಿನ್ನ ಆ ಶಾಲೆಗೇ ಹೋದೆ. ಆಫೀಸಿನಲ್ಲಿ ಈಗಲೂ ಅವರೇ ಇದ್ದಾರೆ, ಆಗಿನ ಕ್ಲಾರ್ಕ್ ದಿಗಂಬರ ಕಾಕಾ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ಹಳೆಯ ರಿಜಿಸ್ಟರ್ ತೆಗೆದರು. ನಿನ್ನ ಹೆಸರು, ತಾರೀಖು, ಪಕ್ಕದಲ್ಲಿ ಅವ್ವನ ಹೆಬ್ಬೆಟ್ಟು. ಕಾಕಾ ಸಹಜವಾಗಿಯೇ ಹೇಳಿದರು: "ಕಾನಡೀ ಬಾಯಕಾ ಯೇತಾತ, ದಾಖಲಾ ದಾಖಲಾ ಮ್ಹಣತಾತ, ಆಮ್ಹೀ ದೇತೋ." ಕನ್ನಡದ ಹೆಂಗಸರು ಬರುತ್ತಾರೆ, ದಾಖಲಾ ದಾಖಲಾ ಅನ್ನುತ್ತಾರೆ, ನಾವು ಕೊಡುತ್ತೇವೆ, ಊರಿಗೆ ಹೋಗುವವರಿರಬೇಕು ಅಂದುಕೊಳ್ಳುತ್ತೇವೆ. ಆಗ ಪ್ರಣೀತಾ ಅವರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದಳು, ಕನ್ನಡದಲ್ಲಿ ದಾಖಲಾತಿ ಎಂದರೆ ಹೆಸರು ಹಚ್ಚುವುದು ಎಂದು. ಕಾಕಾ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಅದೇ ಪುಟದ ಮೇಲೆ ಬೆರಳು ಇಳಿಸುತ್ತ ಹೋದರು. ಇನ್ನೆರಡು ನಮ್ಮವರ ಹೆಸರು, ಎರಡು ಹೆಬ್ಬೆಟ್ಟು. "ಅರೇ ದೇವಾ" ಎಂದರು. ನಾನು ಬೈಯಬೇಕೆಂದು ಹೋಗಿದ್ದೆ, ಆಗಲಿಲ್ಲ. ಆ ಎರಡು ಮನೆಗಳನ್ನೂ ಹುಡುಕಿ ಹೋಗುತ್ತೇನೆ, ಅದು ಬೇರೆ. ಕೊನೆಗೆ ಅವರು ತಲೆ ಎತ್ತಿ "ತಿಲಾ ಪರೀಕ್ಷೇಲಾ ಬಸವಾ" ಎಂದರು. ಅವಳನ್ನು ಪರೀಕ್ಷೆಗೆ ಕೂರಿಸಿ!

ಅಕ್ಕಾ, ಹಂಚು ಇಳಿಸಿ ಗಟ್ಟಿಯಾಗಿ ಕೂತುಕೊ. ಹದಿನೇಳನೇ ನಂಬರಿನ ಫಾರ್ಮ್ ಎಂದು ಒಂದಿದೆಯಂತೆ. ನಡುವೆ ಬಿಟ್ಟವರು ಅದನ್ನು ತುಂಬಿದರೆ ದಿನಾ ಶಾಲೆಗೆ ಹೋಗದೆ, ಹೊರಗಿನಿಂದಲೇ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ದೌಂಡದಲ್ಲೇ ತುಂಬಬಹುದು. ಈ ತಿಂಗಳು ಮುಗಿಯುವುದರೊಳಗೆ ತುಂಬಬೇಕು ಎಂದರು ಕಾಕಾ. ಅದಕ್ಕೆ ಬೇಕಾದದ್ದು ಏನು ಗೊತ್ತೇ? ದಾಖಲಾ! ನಕಲಲ್ಲ, ಅಸಲು. ಕಳೆದುಕೊಂಡವರು ಅದಕ್ಕಾಗಿ ಕಚೇರಿ ಕಚೇರಿ ಅಲೆಯುತ್ತಾರಂತೆ. ನಿನ್ನದು ಕುಂಕುಮ ಹಚ್ಚಿಸಿಕೊಂಡು ದೇವರ ಹಿಂದೆ ಕಾದು ಕೂತಿದೆ. ಹೊರಗೆ ಹಾಕಿದ ಕಾಗದವೇ ಒಳಗೆ ಕರೆದುಕೊಂಡು ಹೋಗುತ್ತದೆ ಎಂದು ಕಾಕಾ ಹೇಳಿದಾಗ ನಾನು ಅಲ್ಲೇ ಪ್ರಣೀತಾಳ ಕೈ ಹಿಡಿದು ಕುಣಿದುಬಿಟ್ಟೆ. ಒಳಗಿಂದ ಹೆಡ್‌ಮಾಸ್ತರರು ಇಣುಕಿ ನೋಡಿದರು. ನನಗೆ ಅಂಗೈ ಬೆವರಲೇ ಇಲ್ಲ! ಕಾಕಾ ಹತ್ತನೆಯ ಹಳೆಯ ಪುಸ್ತಕಗಳ ಕಟ್ಟು ಕೊಟ್ಟಿದ್ದಾರೆ, ಗಣಿತಕ್ಕೆ ರಟ್ಟಿಲ್ಲ, ವಿಜ್ಞಾನಕ್ಕೆ ಯಾರೋ ಮೀಸೆ ಬರೆದಿದ್ದಾರೆ. ಪ್ರತಿ ಶನಿವಾರ ಗಾಡಿ ಹಿಡಿದು ಬಂದು ನಾನು ಗಣಿತ, ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ಅರ್ಧ ಇಂಗ್ಲಿಷ್ ಹತ್ತನೆಯದಕ್ಕೆ ಸಾಕು. ಮರಾಠಿಯನ್ನು ನೀನೇ ನನಗೆ ಹೇಳಿಕೊಡು.

ವಯಸ್ಸು ಇಪ್ಪತ್ತು ದಾಟಿತು, ಇನ್ನೇನು ಓದು ಎನ್ನುತ್ತೀ, ಗೊತ್ತು. ಬೈಯಬೇಡ, ಮಧುಕರ್ ಮಾಮಾಗೆ ಆಗಲೇ ಫೋನ್ ಮಾಡಿ ಬರೀ ಪರೀಕ್ಷೆಯ ಮಾತು ಕೇಳಿದೆ, ಬೇರೇನೂ ಹೇಳಿಲ್ಲ. "ಅಕಿ ಓದ್ತೀನಂದ್ರ ನಾ ಬ್ಯಾಡ ಅಂತೀನೇನು? ಹಿಟ್ಟು ನಾನೇ ನಾದ್ತೀನಿ. ನನ್ನ ಚಪಾತಿ ತಿಂದ ಮಂದಿ ಏನಂತಾರೋ ಅದು ಅವರ ಹಣಿಬರ" ಎಂದರು. ಅವರು ಒಳ್ಳೆಯವರು ಅಕ್ಕಾ, ನೀನು ಸುಮ್ಮನೆ ಗುರುಗುಟ್ಟುತ್ತೀ. ಇನ್ನು ನನ್ನ ಸರ್ವೇ. ಅಂಚೆಲ್ಲ ಕಪ್ಪಾದ ಫಾರ್ಮುಗಳನ್ನು ಮೊನ್ನೆ ಮೇಡಂ ಮುಂದಿಟ್ಟು "ವಿತ್ ಡ್ಯೂ ರೆಸ್ಪೆಕ್ಟ್ ಮೇಡಂ, ಚೌಕ ಸಾಲುವುದಿಲ್ಲ" ಎಂದೆ. ಮೇಡಂ ಅಲ್ಲೇ ನಿಂತು ಅಂಚುಗಳನ್ನು ಓದಿದರು, ಮುಂದಿನ ವಾರ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಬೇಕು ಎಂದರು. ಇಡೀ ಕ್ಲಾಸು ಮತ್ತೆ ನಕ್ಕರೂ ಸರಿ, ಓದುತ್ತೇನೆ. ಎಲ್ಲ ಫಾರ್ಮ್ ಕೊಟ್ಟೆ, ನಿನ್ನದೊಂದನ್ನು ಕೊಡಲಿಲ್ಲ. ಅದರಲ್ಲಿ ಯಾವ ಚೌಕಕ್ಕೂ ಗುರುತಿಲ್ಲ. ಫೆಬ್ರವರಿಯಲ್ಲಿ ನೀನು ಪರೀಕ್ಷೆಗೆ ಕೂತರೆ ಅದನ್ನು ಹರಿದುಹಾಕಬಹುದು ಎಂದು ಇಟ್ಟುಕೊಂಡಿದ್ದೇನೆ.

ಒಂದೇ ಒಂದು ಮಾತು ಉಳಿದಿದೆ. ಅವ್ವನಿಗೆ ನಾನು ಏನೂ ಹೇಳಿಲ್ಲ. ಅದು ಹೆಸರು ಹಚ್ಚಿದ ಕಾಗದ ಎಂದೇ ಇವತ್ತಿಗೂ ತಿಳಿದಿದ್ದಾಳೆ. ಹೇಗೆ ಹೇಳಲಿ? ನಿನ್ನ ಮಗಳು ಒಲ್ಲೆ ಎನ್ನಲಿಲ್ಲ ಎಂದು ಹೇಳಬೇಕಾದರೆ, ನಿನ್ನ ಹೆಬ್ಬೆಟ್ಟೇ ಅವಳ ಹೆಸರು ತೆಗೆಯಿತು ಎಂದೂ ಹೇಳಬೇಕಾಗುತ್ತದೆ. ಒಂದು ಹೇಳಿ ಒಂದು ಬಿಡಲು ಬರುವುದಿಲ್ಲ. ನಿನ್ನ ಮದುವೆಯಾಗಿ ಎರಡು ವರ್ಷ, ನೀನು ಅವಳನ್ನು ಒಮ್ಮೆಯೂ ದೌಂಡಕ್ಕೆ ಬಾ ಎನ್ನಲಿಲ್ಲ. ಕರೆಯದೆ ಹೋಗುವವಳಲ್ಲ ಅವಳು. ನೀನು ಇಲ್ಲಿಗೆ ಬಂದಾಗ ನೆಂಟಳ ಹಾಗೆ ಊಟ ಮಾಡಿ ತಾಟು ನೀನೇ ತೊಳೆದಿಡುತ್ತೀ, ಅವಳು ಆ ತಾಟನ್ನು ನೋಡುತ್ತ ನಿಂತಿರುತ್ತಾಳೆ. ನಿಮ್ಮಿಬ್ಬರ ನಡುವೆ ಹಾಸ್ಟೆಲ್ಲಿನ ಬೂಟು ಹಾಕಿಕೊಂಡು ನಾನು ನಿಂತಿರುತ್ತೇನೆ. ಹೇಳಬೇಕೋ ಬೇಡವೋ ನೀನೇ ತೀರ್ಮಾನಿಸು. ನೀನು ಹೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ, ಆಣೆ.

ಮಾಮಾಗೆ ನನ್ನ ನಮಸ್ಕಾರ ಹೇಳು, ಹಿಟ್ಟಿನ ಮಾತು ಮರೆಯಬಾರದು ಎಂದೂ ಹೇಳು. ಬಾಬು ಕೈಸನ್ನೆಯಲ್ಲಿ ನಿನಗೆ ಏನೋ ಹೇಳುತ್ತಿದ್ದಾನೆ, ಚಾಕೊಲೇಟ್ ಇರಬೇಕು. ಮೌನಪ್ಪಯ್ಯ ನಿನ್ನ ಮಣಿಕಟ್ಟಿಗೆ ಬಲ ಕೊಡಲಿ, ಪೆನ್ನು ಹಿಡಿಯುವುದಿದೆ.

ನಿನ್ನ ತಂಗಿ,
ಮಾನಿ
(ಕಾಲೇಜಿನ ಪಟ್ಟಿಯಲ್ಲಿ ಕುಮಾರಿ ಮಾನಮ್ಮ ಕಾಶಪ್ಪ)

ತಾ.ಕ.: ಅಕ್ಕಾ, ಆಣೆ ಅರ್ಧ ತಾಸೂ ಉಳಿಯಲಿಲ್ಲ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅವ್ವ ಎದುರಿಗೆ ಬಂದು ಕೂತಳು. "ಸೋಮಾರದಿಂದ ನೋಡ್ಲಾಕತ್ತೀನಿ. ಆ ಕಾಗದ ಕಂಡಾಗಿಂದ ನಿನ್ನ ಮಾರಿ ಬ್ಯಾರೇನೇ ಅದ. ಏನದ ಅದ್ರಾಗ?" ಎಂದಳು. ನನ್ನ ಅಂಗೈ ನೋಡಿದಳು, ಅಷ್ಟೇ ಸಾಕಾಯಿತು. ಎಲ್ಲ ಹೇಳಿಬಿಟ್ಟೆ. ತನ್ನ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎದೆ ಬಡಿದುಕೊಂಡು ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು: "ಹಂಗಾದ್ರ ಅಕಿ ಒಲ್ಲೆ ಅಂದಿದ್ದಿಲ್ಲೇನು?" ಇಲ್ಲ ಅವ್ವ ಎಂದೆ. ಮತ್ತೆ ಕೇಳಿದಳು, ಮತ್ತೆ ಇಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು "ಬರೀ, ಬರೂ ಐತಾರ ನಾ ಬರ್ತೀನಿ ಅಂತ" ಎಂದಳು. ದಾಖಲಾ ತಾನೇ ತರುತ್ತಾಳಂತೆ, ಯಾರ ಕೈಗೂ ಕೊಡುವುದಿಲ್ಲವಂತೆ. ನಾನೂ ಬರುತ್ತೇನೆ ಎಂದರೆ "ಅವತ್ತ ಒಬ್ಬಾಕೇ ಹೋಗಿ ಕೆಡಿಸೀನಿ, ಒಬ್ಬಾಕೇ ಹೋಗಿ ನೆಟ್ಟಗ ಮಾಡ್ತೀನಿ" ಎಂದು ಹಟ. ದೌಂಡ ಬಂತೇ ಎಂದು ಗಾಡಿಯಲ್ಲಿ ಯಾರನ್ನಾದರೂ ಕೇಳು ಎಂದೆ. "ಒಮ್ಮಿ ಕೇಳಿದ್ದೇ ಸಾಕಾಗ್ಯದ" ಎಂದಳು. ಭಾನುವಾರ ಬೆಳಗ್ಗೆ ಸೋಲಾಪುರದ ಕಡೆ ಹೋಗುವ ಗಾಡಿಗೆ, ಹೆಂಗಸರ ಡಬ್ಬಿಗೆ ಹತ್ತಿಸುತ್ತೇನೆ. ಗಾಡಿ ದೌಂಡದಲ್ಲಿ ಸ್ವಲ್ಪ ನಿಂತು ಮುಂದೆ ಹೋಗಿಬಿಡುತ್ತದೆ. ಅವಳಿಗೆ ಬೋರ್ಡು ಓದಲು ಬರುವುದಿಲ್ಲ ಅಕ್ಕಾ. ಪ್ಲಾಟ್‌ಫಾರ್ಮಿನ ಮೇಲೆ ನೀನು ಕಂಡರೇ ಅವಳಿಗೆ ಅದು ದೌಂಡ.